ಮಲ್ಪೆಯ ಮಳೆಗಾಲ: ಹರಿದಾಡುತ್ತಿರುವ ಮೆಸೇಜಿಗೆ ಸ್ಪಷ್ಟನೆ

'ಜೂನ್, ಜುಲೈನಲ್ಲಿ ಮಲ್ಪೆಯಲ್ಲಿ ಮೀನುಗಾರಿಕೆ ಪೂರ್ತಿ ಬಂದ್, ತಾಜಾ ಮೀನೂಟ ಸಿಗಲ್ಲ. ಆದರೆ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇದೆ' ಎಂಬ ಮೆಸೇಜು ವಾಟ್ಸಾಪಿನಲ್ಲಿ ಹರಿದಾಡುತ್ತಿದೆ. ಅದರ ಮೊದಲ ಮಾತನ್ನು ಬರೆದವನು ನಾನೇ. ಅದು ತಪ್ಪು. ದ್ವೀಪದ ಮಾತು ಆಮೇಲೆ ಯಾರೋ ಸೇರಿಸಿದ್ದು, ಅದೂ ತಪ್ಪು.

ಪಶ್ಚಿಮ ಕರಾವಳಿಯ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ. ಮೀನು ಮರಿ ಮಾಡುವ ಕಾಲ ಅಂತ ಸರ್ಕಾರ ಪ್ರತಿ ವರ್ಷ ಈ ಆದೇಶ ಹೊರಡಿಸುತ್ತದೆ. ಆದರೆ ಅದು ಟ್ರಾಲ್, ಪರ್ಸೀನ್‌ನಂಥ ದೊಡ್ಡ ಬಲೆಯ ಯಾಂತ್ರಿಕ ಬೋಟುಗಳಿಗೆ. ನಾಡದೋಣಿಗಳಿಗೆ ಅಲ್ಲ. ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ಮೋಟಾರಿನ ನಾಡದೋಣಿಗಳು ಹೋಗಬಹುದು. ಸಮುದ್ರ ಸ್ವಲ್ಪ ಶಾಂತವಾದ ದಿನ ಅವು ಇಳಿಯುತ್ತವೆ. ಬಂಗುಡೆ, ಬೂತಾಯಿ, ಸಿಗಡಿ ಬರುತ್ತದೆ. ಜಾಸ್ತಿ ಸಿಗಲ್ಲ, ರೇಟೂ ಏರಿರುತ್ತದೆ, ಅಷ್ಟೇ. ಆ ದೋಣಿಯವರಿಗೆ ವರ್ಷದ ದುಡಿಮೆಯ ಕಾಲ ಇದು. 'ಮೀನಿಲ್ಲ' ಅಂತ ಜನ ವಾಪಸ್ ಹೋದರೆ ನಷ್ಟ ಅವರಿಗೇ ಅಲ್ವಾ?

ದ್ವೀಪದ ವಿಷಯ ಇನ್ನೂ ಗಂಭೀರ. ಮಳೆಗಾಲದಲ್ಲಿ ಅಲೆ ಜೋರಿರುವುದರಿಂದ ಪ್ರವಾಸಿ ಬೋಟುಗಳನ್ನು ನಿಲ್ಲಿಸುತ್ತಾರೆ. ಮತ್ತೆ ಶುರುವಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಆಸುಪಾಸು, ಅದೂ ಸಮುದ್ರ ನೋಡಿಕೊಂಡು. ಖಾಸಗಿಯಾಗಿ ಕರೆದೊಯ್ಯುತ್ತೇವೆ ಅಂದರೂ ಹತ್ತಬೇಡಿ. ಅಲ್ಲಿನ ಕಂಬದಂಥ ಬಂಡೆಗಳು ಒದ್ದೆಯಾದರೆ ಕಾಲು ನಿಲ್ಲಲ್ಲ. ಬೀಚಿನಲ್ಲೂ ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯಬೇಡಿ.

ಆ ಮೆಸೇಜು ನಿಮ್ಮ ಗ್ರೂಪಿನಲ್ಲಿದ್ದರೆ ದಯವಿಟ್ಟು ಅಳಿಸಿ, ಮುಂದೆ ಕಳಿಸಬೇಡಿ. ನನ್ನ ತಪ್ಪಿನಿಂದ ಪ್ಲಾನ್ ಬದಲಿಸಿದವರಲ್ಲಿ ಕ್ಷಮೆ ಕೇಳುತ್ತೇನೆ.