ಕಬ್ಬಿನ ಎಕ್ಸ್‌ಪ್ರೆಸ್, ಸರ್ವಿಸ್ ರಸ್ತೆ ಮಾರ್ಗವಾಗಿ

ಐರ್ಲೆಂಡಿನವರಿಗೆ ಒಂದು ಕಾಯಿಲೆ ಇತ್ತು. ಸಣ್ಣ ಕೆಲಸವನ್ನು ಸಣ್ಣದಾಗಿಯೇ ಮಾಡಿ ಮುಗಿಸುತ್ತಿದ್ದರು. ಅಲ್ಲಿನ ಜೌಗು ನೆಲದಲ್ಲಿ ಪಾಚಿ, ಹುಲ್ಲು ಸಾವಿರಾರು ವರ್ಷ ಅರೆಬರೆ ಕೊಳೆತು ಪೀಟ್ ಅನ್ನೋ ಕಪ್ಪು ಮಣ್ಣಾಗಿದೆ. ಒಣಗಿಸಿದರೆ ಉರಿಯುತ್ತದೆ. ಅದನ್ನು ವಿದ್ಯುತ್ ಸ್ಥಾವರಕ್ಕೆ ಸಾಗಿಸಬೇಕು, ಲಾರಿ ಇಳಿಸಿದರೆ ಹೂತುಹೋಗುತ್ತದೆ. ಬೋರ್ಡ್ ನ ಮೋನಾ ಎಂಬ ಸರ್ಕಾರಿ ಕಂಪನಿ 914 ಮಿಲಿಮೀಟರ್ ಅಗಲದ ಪುಟ್ಟ ಹಳಿ ಹಾಕಿತು. ಒಂದು ರಾಶಿ ಮುಗಿದರೆ ಹಳಿ ಕಿತ್ತು ಮುಂದಿನ ರಾಶಿ ಪಕ್ಕ ಹಾಸುವುದು. ಚಿಕ್ಕ ಡೀಸೆಲ್ ಎಂಜಿನ್, ಹಿಂದೆ ವ್ಯಾಗನ್ನುಗಳು. ಉದ್ಘಾಟನೆಗೆ ಯಾರನ್ನು ಕರೆಯುವುದು ಹೇಳಿ, ಹಳಿ ಒಂದು ಕಡೆ ನಿಲ್ಲುವುದೇ ಇಲ್ಲ!

ನಮ್ಮ ಮಂಡ್ಯದ ವ್ಯವಸ್ಥೆ ಹಾಗಲ್ಲ. ಕಟಾವು ಶುರುವಾದರೆ ಒಂದು ಟ್ರಾಕ್ಟರಿಗೆ ಎರಡು ಟ್ರೈಲರ್ ಸಿಕ್ಕಿಸಿ, ಅಕ್ಕಪಕ್ಕ ಜಲ್ಲೆ ಚಾಚಿಸಿ ರೈಲೇ ಹೊರಡುತ್ತದೆ. ಹಳಿ ಬೇಡ, ಸಿಗ್ನಲ್ ಬೇಡ, ಗಾರ್ಡ್ ಬೇಡ. ಹಿಂದಿನ ದೀಪ ಇರಬೇಕಾದ ಕಡೆ ಸೋಗೆ ನೇತಾಡುತ್ತಿರುತ್ತದೆ. ಮುಂದೆ ಎರಡು ದೊಡ್ಡ ಸ್ಪೀಕರ್. ನೀವು ಎಷ್ಟು ಹಾರ್ನ್ ಹೊಡೆದರೂ ಡ್ರೈವರಿಗೆ ಕೇಳುವುದಿಲ್ಲ, ಅವನ ಹಾಡು ಮಾತ್ರ ಮುಂದಿನ ಊರಿಗೂ ಕೇಳುತ್ತದೆ. ಹಾಗಂತ ಅವನನ್ನು ಬೈಯುವಂತಿಲ್ಲ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ಆ ನಷ್ಟ ರೈತನ ತಲೆಗೇ.

ಪಕ್ಕದಲ್ಲೇ 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ ಇದೆಯಲ್ಲ ಅಂತೀರಾ? 2023ರ ಮಾರ್ಚಿನಲ್ಲಿ ಮಂಡ್ಯದಲ್ಲೇ ಉದ್ಘಾಟನೆಯಾಯಿತು, ಹೂವಿನ ಮಳೆ ಸುರಿಯಿತು. ಆಗಸ್ಟ್ 1ರಿಂದ ಅದರ ಮೇಲೆ ಟ್ರಾಕ್ಟರ್, ಬೈಕ್, ಆಟೋ ಹೋಗುವಂತಿಲ್ಲ. ಜಮೀನು ಕೊಟ್ಟವರ ಕಬ್ಬು ಸರ್ವಿಸ್ ರಸ್ತೆಯಲ್ಲಿ ತೆವಳಬೇಕು. ಅಲ್ಲಿ ಸ್ಕೂಲ್ ಬಸ್ಸು, ಎಮ್ಮೆ, ರಾಂಗ್ ಸೈಡಲ್ಲಿ ಬರುವ ಟಿವಿಎಸ್ ಎಲ್ಲಕ್ಕೂ ಸಮಾನ ಹಕ್ಕು.

ಐರ್ಲೆಂಡೂ ಆಮೇಲೆ ಚೇತರಿಸಿಕೊಂಡಿತು ಬಿಡಿ. ಹವಾಮಾನದ ಕಾಳಜಿಯಿಂದ ಆ ಕಂಪನಿ 2021ರ ಜನವರಿಯಲ್ಲಿ ಪೀಟ್ ತೆಗೆಯುವುದನ್ನೇ ಕೈಬಿಟ್ಟಿತು. ಒಳ್ಳೆಯದೇ. ಬೇರೆಯವರು ತೋಟಗಾರಿಕೆಗೆ ತೆಗೆಯುವುದಕ್ಕೂ ಅನುಮತಿ ಸಿಗದೆ, ಅದೇ ಸೆಪ್ಟೆಂಬರಿನಲ್ಲಿ ಲಾಟ್ವಿಯಾದಿಂದ 3,600 ಟನ್ ಪೀಟ್ ಹಡಗಿನಲ್ಲಿ ಬಂತು! ಬಂದರಿನಿಂದ ಸಾಗಿಸಲು ಸುಮಾರು 200 ಲಾರಿ ಲೋಡು. ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವ ವಿದ್ಯೆಯಲ್ಲಿ ನಾವೇನೂ ಕಮ್ಮಿಯಿಲ್ಲ. ಮೈಷುಗರ್ ಬಾಗಿಲು ಹಾಕಿಕೊಂಡಿದ್ದಾಗ ಸಕ್ಕರೆ ನಾಡಿನ ಕಬ್ಬು ಬೇರೆ ಕಾರ್ಖಾನೆಗಳ ಬಾಗಿಲು ಕಾಯುತ್ತಿತ್ತು. 2022ರಲ್ಲಿ ಮತ್ತೆ ಶುರುವಾಯಿತು ಅನ್ನುವುದು ಸಮಾಧಾನ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 610 ಮಿಲಿಮೀಟರ್ ಹಳಿಯ ಮೇಲೆ ಕಬ್ಬು ಕಾರ್ಖಾನೆಗೆ ಹೋಗುತ್ತದೆ. ಅಂಥ ಹಳಿ ಸುಮಾರು 4,000 ಕಿಲೋಮೀಟರ್ ಇದೆ. ಇಲ್ಲೂ ಒಂದು ಹಾಕೋಣ ಅಂದರೆ? ಮೊದಲು ಯಾರ ಹೆಸರಿಡುವುದು ಅಂತ ಎರಡು ಬಂದ್. ಆಮೇಲೆ ಕಬ್ಬಿಗಿಂತ ಪ್ರವಾಸಿಗರು ಲಾಭ ಅಂತ ವರದಿ ಬರುತ್ತದೆ. ಮಾರ್ಗ ಬೃಂದಾವನದ ಕಡೆ ತಿರುಗುತ್ತದೆ. ವ್ಯಾಗನ್ನಿಗೆ ಮೆತ್ತನೆ ಸೀಟು, ಕೊನೆಗೊಂದು ಸೆಲ್ಫಿ ಪಾಯಿಂಟ್. ಭೂಮಿಪೂಜೆ ಮಾತ್ರ ಕಟಾವಿನ ಕಾಲದಲ್ಲೇ ಆಗುತ್ತದೆ. ಪೆಂಡಾಲಿಗೆ ಜಾಗ ಬೇಕಲ್ಲ, ಸರ್ವಿಸ್ ರಸ್ತೆ ಬಂದ್. ಕಬ್ಬಿನವರು ನಾಳೆ ಬನ್ನಿ.