ಎಸಿ ರೂಮಿನ ಮೆಣಸಿನಕಾಯಿ

ಏಪ್ರಿಲ್ ತಿಂಗಳ ಮಧ್ಯಾಹ್ನ. ಹುಬ್ಬಳ್ಳಿ ಬಿಸಿಲಿನ ಬಗ್ಗೆ ಹೇಳಬೇಕಿಲ್ಲ, ವಿದ್ಯಾನಗರದ ನಮ್ಮ ಅಪಾರ್ಟ್‌ಮೆಂಟಿನ ಗೇಟು ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಅಂಥ ಹೊತ್ತಿನಲ್ಲಿ ಕೊರಿಯರ್ ಹುಡುಗ ಬೆವರು ಒರೆಸಿಕೊಳ್ಳುತ್ತ ಬಂದು ಒಂದು ಡಬ್ಬಿ ಕೊಟ್ಟ. ಮೇಲಿನ ಮನೆಯ ಇಂಜಿನಿಯರ್ ಹುಡುಗನದು. ಅವನು ಮೀಟಿಂಗಿನಲ್ಲಿದ್ದನಂತೆ, ಸಹಿ ನಾನೇ ಹಾಕಿದೆ. ಸಂಜೆ ಬಂದು ನನ್ನೆದುರಿಗೇ ಬಿಚ್ಚಿದ. ಒಳಗೆ ಕರಿ ರಬ್ಬರಿನ ಚಾಪೆ, ಅದಕ್ಕೊಂದು ವೈರು, ಪ್ಲಗ್ಗು.

"ಇದೇನಪಾ ತಮ್ಮಾ?"

"ಹೀಟ್ ಮ್ಯಾಟ್ ಕಾಕಾ. ಮೆಣಸಿನಕಾಯಿ ಬೀಜಕ್ಕ. 27 ಡಿಗ್ರಿ ಬೇಕ್ರಿ, ಇಲ್ಲಾಂದ್ರ ಮೊಳಕಿ ಒಡಿಯೂದಿಲ್ಲ."

"ಹೊರಗಿಟ್ರ?"

"ಹೊರಗ 38 ಐತಿ. ಜಾಸ್ತಿ ಆಗ್ತೈತಿ."

"ಒಳಗಿಟ್ರ?"

"ಒಳಗ ಎಸಿ ಐತಲ್ರೀ, 22ಕ್ಕ ಇಟ್ಟೇನಿ. ಕಡಿಮಿ ಆಗ್ತೈತಿ."

ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನನಗೆ ಈ ಲೆಕ್ಕದಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಬೀಜ ಕ್ಯಾರೊಲಿನಾ ರೀಪರ್‌ದು. 10 ಬೀಜಕ್ಕೆ 600 ರೂಪಾಯಿ. ಖಾರ ಅಳೆಯುವ ಸ್ಕೋವಿಲ್ ಅಂತ ಒಂದು ಲೆಕ್ಕ ಇದೆ, 1912ರಲ್ಲಿ ಅಮೆರಿಕದ ಔಷಧ ತಜ್ಞನೊಬ್ಬ ಶುರು ಮಾಡಿದ್ದು. ಆ ಲೆಕ್ಕದಲ್ಲಿ ರೀಪರ್ 16 ಲಕ್ಷ ದಾಟುತ್ತದೆ. ನಮ್ಮ ಬ್ಯಾಡಗಿ ಕಾಯಿ 1 ಲಕ್ಷದ ಹತ್ತಿರಕ್ಕೂ ಸುಳಿಯುವುದಿಲ್ಲ. 2013ರಿಂದ ಗಿನ್ನೆಸ್ ದಾಖಲೆ ರೀಪರ್ ಹೆಸರಿನಲ್ಲಿತ್ತು. 2023ರಲ್ಲಿ ಪೆಪರ್ ಎಕ್ಸ್ ಅನ್ನುವ ಇನ್ನೊಂದು ಬಂದು ಕುರ್ಚಿ ಕಿತ್ತುಕೊಂಡಿತು. ಅಂದರೆ ನಮ್ಮ ಹುಡುಗ ತರಿಸಿದ್ದು ಮಾಜಿಯನ್ನು. ಆದರೂ ಮಾಜಿ ಮಂತ್ರಿಗಳ ಹಾಗೆ ಅದರ ಗತ್ತು ಇಳಿದಿರಲಿಲ್ಲ.

ಇದು ಅವನೊಬ್ಬನ ಹುಚ್ಚಲ್ಲ. ಗೋಕುಲ ರೋಡಿನ ಹೋಟೆಲೊಂದರ ಎಸಿ ಹಾಲಿನಲ್ಲಿ ಮನೆಯೊಳಗೆ ಮೆಣಸಿನ ಗಿಡ ಬೆಳೆಸುವ ಒಂದು ದಿನದ ತರಬೇತಿ ನಡೆಯಿತು. ಫೀ 1,500. ನಾನೂ ಹೋಗಿದ್ದೆ. ಊಟ ಇತ್ತು. ಕಲಿಸಲು ಬಂದವರು ಹ್ಯಾಟು ಹಾಕಿದ್ದರು, ಹಾಲಿನಲ್ಲಿ ಬಿಸಿಲಿರಲಿಲ್ಲ. ಬಂದ ಮಂದಿಯಲ್ಲಿ ಅರ್ಧಕ್ಕರ್ಧ ಕುಂದಗೋಳ, ಶಿಗ್ಗಾವಿ, ಸವಣೂರು, ಬ್ಯಾಡಗಿ ಕಡೆಯ ಹುಡುಗರು. "ನಿಮ್ಮಲ್ಲಿ ಮೆಣಸಿನ ಗಿಡ ಹತ್ತಿರದಿಂದ ನೋಡಿದವರು ಯಾರ್ಯಾರು?" ಅಂತ ಕೇಳಿದರು. ಒಂದೂ ಕೈ ಏಳಲಿಲ್ಲ. ನನ್ನ ಪಕ್ಕ ಕೂತವನ ಮನೆಯಲ್ಲಿ ಆರು ಎಕರೆ ಮೆಣಸಿನಕಾಯಿ ಇತ್ತು, ಬೆಳಗಿನ ಚಹಾ ಹೊತ್ತಿನಲ್ಲಿ ಅವನೇ ಹೇಳಿದ್ದ. ಅವನೂ ಸುಮ್ನೆ ನೋಟ್‌ಬುಕ್ ನೋಡುತ್ತ ಕೂತ. ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟು. "ಇವತ್ತಿನಿಂದ ನೀವು ಗಿಡ ಬೆಳೆಸುವವರಲ್ಲ, ಪ್ಲಾಂಟ್ ಪೇರೆಂಟ್‌ಗಳು" ಅಂದರು. ಚಪ್ಪಾಳೆ ಬಿತ್ತು. ನನ್ನ ಸರ್ಟಿಫಿಕೇಟು ಈಗ ಅಡುಗೆಮನೆಯಲ್ಲಿ ಖಾರದ ಡಬ್ಬಿ ಕೆಳಗಿದೆ.

ಮೇಲಿನ ಮನೆಯ ಆ ರೂಮನ್ನು ನೀವು ನೋಡಬೇಕಿತ್ತು. ಸೊಳ್ಳೆ ಬರುತ್ತವೆ ಅಂತ ಕಿಟಕಿ ಮುಚ್ಚಿದ್ದ. ಸೋಫಾ ಬಣ್ಣ ಹೋಗುತ್ತದೆ ಅಂತ ಪರದೆ ಎಳೆದಿದ್ದ. ಬಿಸಿಲು ಬಾರದ್ದಕ್ಕೆ 100 ವ್ಯಾಟಿನ ಗ್ರೋ ಲೈಟ್, ದಿನಕ್ಕೆ 16 ತಾಸು. ಗಾಳಿ ಬಾರದ್ದಕ್ಕೆ ಸಣ್ಣ ಫ್ಯಾನು. ಗಾಳಿಗೆ ತೂಗಾಡಿದರೇ ಕಾಂಡ ಗಟ್ಟಿಯಾಗುತ್ತದಂತೆ, ಅದು ನಿಜವೂ ಹೌದು. ಜೇನುಹುಳ ಬಾರದ್ದಕ್ಕೆ ಬ್ಯಾಟರಿಯ ಹಲ್ಲುಜ್ಜುವ ಬ್ರಶ್. ಅದನ್ನು ಜುಂಯ್ ಅನ್ನಿಸುತ್ತ ಹೂವಿಗೆ ತಾಗಿಸಿದರೆ ಪರಾಗ ಉದುರಿ ಕಾಯಿ ಕಚ್ಚುತ್ತದೆ. ಸೂರ್ಯ, ಗಾಳಿ, ಜೇನು, ಶಾಖ, ನಾಲ್ಕೂ ಬೇರೆ ಬೇರೆ ಡಬ್ಬಿಯಲ್ಲಿ ಕೊರಿಯರಿನಲ್ಲಿ ಬಂದವು. ನಾಲ್ಕಕ್ಕೂ ನನ್ನದೇ ಸಹಿ.

ಆ ದೀಪದ್ದು ಗುಲಾಬಿ ಬೆಳಕು. ರಾತ್ರಿ ಹತ್ತರವರೆಗೆ ಪರದೆ ಸಂದಿಯಿಂದ ರಸ್ತೆಗೆಲ್ಲ ಬೀಳುತ್ತಿತ್ತು. ಎದುರುಮನೆ ಅಕ್ಕಾರು ದನಿ ಇಳಿಸಿ ನನ್ನ ಹೆಂಡತಿಯನ್ನು ಕೇಳಿದರು, "ಮ್ಯಾಲಿನ ಮನ್ಯಾಗ ಏನ್ ನಡದೈತ್ರಿ?" ಇವಳು "ಮೆಣಸಿನಕಾಯಿ ಬೆಳಿಯಾಕತ್ತಾನ್ರಿ" ಅಂದಳು. ಅವರು ನಂಬಲಿಲ್ಲ. ಇಂಥದಕ್ಕೆಲ್ಲ ಹೆಂಗಸರೂ ಸಪೋರ್ಟು ಮಾಡುತ್ತಾರಲ್ಲ ಅನ್ನುವ ಮುಖ ಮಾಡಿ ಹೋದರು.

ಕರೆಂಟ್ ಬಿಲ್ಲಿನ ಕಥೆ ಬೇರೆ. ಗೃಹಜ್ಯೋತಿಯಲ್ಲಿ ಅವನದು ಸೊನ್ನೆ ಬಿಲ್ಲು, ಎಸಿ ಇದ್ದರೂ ಹೇಗೋ 200 ಯೂನಿಟ್ ಒಳಗೇ ಇರುತ್ತಿದ್ದ. ಈ ದೀಪವೊಂದೇ ತಿಂಗಳಿಗೆ 48 ಯೂನಿಟ್. 200 ದಾಟಿತು, ಪೂರ್ತಿ ಬಿಲ್ಲು ತಲೆ ಮೇಲೆ ಬಂತು. ಜ್ಯೋತಿ ಗೃಹ ಬಿಟ್ಟು ಕುಂಡಕ್ಕೆ ಹೋಗಿ ಕೂತಿತ್ತು.

ಹತ್ತರಲ್ಲಿ ಮೂರು ಬೀಜ ಮೊಳೆತವು, ಅದೂ ನಾಲ್ಕನೇ ವಾರ. ಒಂದಕ್ಕೆ ನೀರು ಜಾಸ್ತಿಯಾಗಿ ಬುಡ ಕೊಳೆಯಿತು. ಇನ್ನೊಂದು, ದೀಪ ಎತ್ತರದಲ್ಲಿದ್ದದ್ದಕ್ಕೆ ನೂಲಿನ ಹಾಗೆ ಉದ್ದಕ್ಕೆ ಬೆಳೆದು ಅಡ್ಡಬಿತ್ತು. ಉಳಿದದ್ದು ಒಂದೇ ಸಸಿ. ಅದರ ಎಲೆ ಹಳದಿಯಾದಾಗಲೆಲ್ಲ ಫೋಟೊ ವಾಟ್ಸಾಪ್ ಗುಂಪಿಗೆ ಹೋಗುತ್ತಿತ್ತು. ತರಬೇತಿ ಮುಗಿಸಿದ ಪೇರೆಂಟ್‌ಗಳೆಲ್ಲ ಅದರಲ್ಲಿದ್ದರು. ನೀರು ಜಾಸ್ತಿ ಆಗಿದೆ ಅಂತ ಇಪ್ಪತ್ತು ಮಂದಿ, ಕಡಿಮೆ ಆಗಿದೆ ಅಂತ ಇಪ್ಪತ್ತು ಮಂದಿ. ಕುಂಡದ ಮಣ್ಣಿಗೆ ಬೆರಳು ಹಾಕಿ ನೋಡು ಅಂತ ಒಬ್ಬರೂ ಹೇಳಲಿಲ್ಲ. ಮಣ್ಣೇ ಇರಲಿಲ್ಲ ಅನ್ನಿ, ಕೊಕೊಪೀಟು, ಅಂದರೆ ತೆಂಗಿನ ನಾರಿನ ಪುಡಿ.

ನನಗೆ ಒಂದೊಂದು ಸಲ ಅನ್ನಿಸುತ್ತದೆ. ಮೆಣಸಿನಕಾಯಿ ನಮ್ಮ ದೇಶದ್ದೇ ಅಲ್ಲ. ಅಮೆರಿಕ ಖಂಡದ ಕಾಯಿ ಪೋರ್ಚುಗೀಸರ ಹಡಗು ಹತ್ತಿ ಗೋವಾಕ್ಕೆ ಬಂತು. ಅದಕ್ಕೂ ಮೊದಲು ನಮಗೆ ಖಾರ ಅಂದರೆ ಕರಿಮೆಣಸು, ಅದರ ಹೆಸರನ್ನೇ ಈ ಹೊಸಬನಿಗೂ ಇಟ್ಟೆವು. ಘಟ್ಟ ಹತ್ತಿ ಎರಿ ಹೊಲಕ್ಕೆ ಬಂದಾಗ ಅದಕ್ಕೆ ಯಾರೂ ಚಾಪೆ ಹಾಸಲಿಲ್ಲ. ಮಳೆ ಬಿದ್ದಷ್ಟು ಕುಡಿದು, ಬಿದ್ದಲ್ಲೇ ಬೇರು ಬಿಟ್ಟು, ಬ್ಯಾಡಗಿ ಅಂತ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡು 2011ರಲ್ಲಿ ಈ ಸೀಮೆಯದೇ ಬೆಳೆ ಅನ್ನುವ ಜಿಐ ಟ್ಯಾಗನ್ನೂ ತಗೊಂಡಿತು.

ಜನವರಿಯಲ್ಲಿ ಹುಡುಗನ ಅಪ್ಪ ಬಂದರು. ಕುಂದಗೋಳ ಕಡೆಯವರು, ಎಂಟು ಎಕರೆ ಮೆಣಸಿನಕಾಯಿ. ಸೋಮವಾರ ಬ್ಯಾಡಗಿ ಪೇಟೆ ಮುಗಿಸಿಕೊಂಡು ಮಂಗಳವಾರ ಮುಂಜಾನೆ, ಹೆಗಲ ಮೇಲೆ ಅರ್ಧ ಚೀಲ ಬ್ಯಾಡಗಿ ಡಬ್ಬಿ ತಳಿಯ ಕಾಯಿ. ಮೆಟ್ಟಿಲ ತುಂಬ ಘಾಟು. ರೇಟು ಹೇಗಿದೆ ಅಂದೆ. "ಏನ್ ಹೇಳೂದ್ರಿ ಮಾಸ್ತರ್ರ, ತೇವ ಐತಿ ಅಂತ ಹಿಡಿದಾರ" ಅಂದರು. 2024ರ ಮಾರ್ಚಿನಲ್ಲಿ ರೇಟು ಬಿದ್ದು ಬ್ಯಾಡಗಿ ಪೇಟೆಯಲ್ಲಿ ಗಾಡಿಗಳಿಗೆ ಬೆಂಕಿ ಬಿತ್ತಲ್ಲ, ಆ ಸೋಮವಾರ ಇವರೂ ಅಲ್ಲೇ ಚೀಲದ ಮೇಲೆ ಕೂತಿದ್ದರಂತೆ. ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ.

ಮೇಲೆ ಹೋದೆವು. ಗುಲಾಬಿ ಬೆಳಕಿನಲ್ಲಿ ಮೊಣಕಾಲೆತ್ತರದ ಗಿಡ. ಗುದ್ದಿಸಿಕೊಂಡ ಮೂತಿಯ ಹಾಗೆ ಉಬ್ಬುಬ್ಬಾದ ಎರಡು ಕೆಂಪು ಕಾಯಿ, ತುದಿಗೊಂದು ಚೇಳಿನ ಕೊಂಡಿ. ಮುದುಕರು ಕೈ ಚಾಚಿದರು.

"ಅಪ್ಪಾ, ಸ್ಯಾನಿಟೈಜರ್ ಹಚ್ಚಿಕೊಂಡು ಮುಟ್ಟು. ನಿನ್ನ ಕೈಯಾಗ ಹೊಲದ ರೋಗ ಇರ್ತಾವು."

ಮುದುಕರು ಕೈ ಹಿಂದಕ್ಕೆ ತಗೊಂಡರು. ಗೋಡೆಯ ಸರ್ಟಿಫಿಕೇಟು ನೋಡಿದರು. ಪೇರೆಂಟ್ ಅಂದರೇನು ಅಂತ ಕೇಳಿದರು. ನಾನು ಹೇಳಿದೆ.

"ಹಂಗಾರ ನಾ ಇದಕ್ಕ ಮುತ್ಯಾ ಆದ್ನಲ್ರೀ."

ಆಮೇಲೆ ಖರ್ಚು ಕೇಳಿದರು. ಚಾಪೆ, ದೀಪ, ಫ್ಯಾನು, ತರಬೇತಿ, ಕರೆಂಟು ಎಲ್ಲ ಸೇರಿ 16,000. ಎರಡು ಕಾಯಿ. ಒಂದಕ್ಕೆ 8,000. ಮುದುಕರಿಗೆ ಮೊದಲ ಸಲ ಮಗನ ಮೇಲೆ ಗೌರವ ಬಂದ ಹಾಗೆ ಕಾಣಿಸಿತು. "ಇದನ್ನ ತಗೊಳ್ಳೋ ದಲಾಲಿ ಯಾರದಾನೋ? ನನ್ನೂ ಕರಕೊಂಡು ಹೋಗು."

"ಮಾರಾಕಲ್ಲಪ್ಪಾ."

"ತಿನ್ನಾಕೇನು?"

"ತಿನ್ನಾಕ ಆಗೂದಿಲ್ಲ. ಮುಟ್ಟಾಕ ಸೈತ ಕೈಗವಸು ಬೇಕು."

"ನಮ್ಮ ಕಾಯಿ ಬಣ್ಣಾ ತಗದು ಹೆಣ್ಮಕ್ಕಳು ತುಟಿಗೆ ಹಚ್ಚಿಕೊಳ್ತಾರಂತ. ನಿಂದು ಮುಟ್ಟಾಕೂ ಬರೂದಿಲ್ಲ ಅಂತಿ." ಇಷ್ಟು ಹೇಳಿ ಮುದುಕರು ಎದ್ದು ಪರದೆ ಸರಿಸಿ ಬಾಲ್ಕನಿ ಬಾಗಿಲು ತೆಗೆದರು. "ಒಂದೀಟ ಬಿಸಲಾಗ ಇಡೋ ಅದನ್ನ. ಮಕಾ ಬಿಳಚಿಕೊಂಡೈತಿ."

ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ, ದಿನಕ್ಕೆ ಒಂದು ತಾಸಿನಂತೆ ರೂಢಿ ಮಾಡಿಸಬೇಕು ಅಂತ ಹುಡುಗ ವಾದ ಮಾಡಿದ. ತರಬೇತಿಯಲ್ಲೂ ಹಾಗೇ ಹೇಳಿದ್ದರು. ಸರಿ, ಒಂದೇ ತಾಸು ಅಂತ ಕುಂಡ ಹೊರಗೆ ಬಂತು. ನಾವು ಒಳಗೆ ಚಹಾಕ್ಕೆ ಕೂತೆವು.

ಅರ್ಧ ಕಪ್ಪೂ ಆಗಿರಲಿಲ್ಲ, ಹೊರಗೆ ಕಿಚಕಿಚ ಸದ್ದು. ಗಿಳಿ. ಕುಂಡದ ಅಂಚಿನ ಮೇಲೆ ಕೂತು, ಒಂದು ಕಾಲಲ್ಲಿ ಕಾಯಿ ಹಿಡಿದು, ತಲೆ ಓರೆ ಮಾಡಿ ಶೇಂಗಾ ತಿಂದ ಹಾಗೆ ತಿನ್ನುತ್ತಿತ್ತು. ಒಂದು ಕಾಯಿ ಆಗಲೇ ಮುಗಿದಿತ್ತು. ಹಕ್ಕಿಗಳ ನಾಲಗೆಗೆ ಈ ಖಾರ ಹತ್ತುವುದೇ ಇಲ್ಲ. ತಿಂದು ಹಾರಿ ಬೀಜ ಎಲ್ಲೆಲ್ಲೋ ಉದುರಿಸಲಿ ಅಂತ ಗಿಡ ಮಾಡಿಕೊಂಡ ಏರ್ಪಾಡು, ಖಾರ ಇರುವುದು ನಮ್ಮಂಥವರನ್ನು ದೂರ ಇಡಲಿಕ್ಕೆ. ಹುಡುಗ ಕೈಗವಸು ಹುಡುಕುವಷ್ಟರಲ್ಲಿ ಎರಡನೆಯದೂ ಮುಗಿದು, ಗಿಳಿ ಉಣಕಲ್ ಕೆರೆ ಕಡೆ ಹಾರಿಹೋಯಿತು. 16,000 ರೂಪಾಯಿ, 32 ಲಕ್ಷ ಖಾರ. ಒಂದು ಸಲ ಹಾ ಅನ್ನಲೂ ಇಲ್ಲ.

"ಸಪ್ಪಗ ಅದಾವಂತಲ್ಲೋ ತಮ್ಮಾ" ಅಂದರು ಮುದುಕರು, ಚಹಾ ಹೀರುತ್ತ.

ಹುಡುಗ ಮಾತಾಡಲಿಲ್ಲ. ಬರಿದಾದ ಎರಡು ತೊಟ್ಟಿನ ಫೋಟೊ ತೆಗೆದು ಗುಂಪಿಗೆ ಹಾಕಿದ. ಕಾಯಿ ಉಳಿದಿಲ್ಲ, ಏನು ಮಾಡಬೇಕು ಅಂತ ಕೇಳಿದ. ಐದು ನಿಮಿಷದೊಳಗೆ ಮೊದಲ ಉತ್ತರ ಬಂತು.

"ನೀರು ಜಾಸ್ತಿ ಆಗಿದೆ."