ಶ್! ಮೀನು ಓಡುತ್ತೆ

ಟಾರ್ಚ್ ಹುಡುಕಲು ಹಳೆಯ ಚೀಲಕ್ಕೆ ಕೈ ಹಾಕಿದೆ. ಟಾರ್ಚ್ ಸಿಗಲಿಲ್ಲ, ನಾನು ಸಿಕ್ಕಿಬಿದ್ದೆ. ಎಡಗೈ ತೋರುಬೆರಳಿಗೆ ಗಾಳದ ಕೊಕ್ಕೆಯೊಂದು ಕಚ್ಚಿಕೊಂಡಿದೆ. ಎಳೆದರೆ ಬರುವುದಿಲ್ಲ, ತಳ್ಳಲು ಧೈರ್ಯವಿಲ್ಲ. ಕೊಕ್ಕೆಯ ತುದಿಯಲ್ಲಿ ಹಿಮ್ಮುಖವಾಗಿ ಒಂದು ಪುಟ್ಟ ಮುಳ್ಳಿರುತ್ತದಲ್ಲ, ಅದರ ಕೆಲಸವೇ ಅದು. ಒಳಗೆ ಹೋಗುವಾಗ ಸಲೀಸು, ಹೊರಡುವಾಗ ಮಾತ್ರ ತಕರಾರು. ಕೆಲವು ನೆಂಟರ ಹಾಗೆ.

ಗೆಳೆಯ ಗುರುವಿಗೆ ಫೋನ್ ಮಾಡಿದೆ. "ಅಲ್ಲಾಡಿಸಬೇಡ, ಮುಕ್ಕಾಲು ಗಂಟೇಲಿ ಬರ್ತೀನಿ" ಅಂದ. ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. "ಮುಳ್ಳು ಒತ್ತಿರಲಿಲ್ವಾ?" ಅಂತ ಕೇಳಿದ. ಇಕ್ಕಳದಿಂದ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಟ್ಟುಕೊಳ್ರೋ, ಮೀನಿನ ಬಾಯಿಂದ ಬಿಡಿಸೋದೂ ಸುಲಭ, ನಿಮ್ಮ ಕೈಯಿಂದ ಬಿಡಿಸೋದೂ ಸುಲಭ ಅಂತ ಅವನು ಸೀಸನ್ ಉದ್ದಕ್ಕೂ ಹೇಳಿದ್ದ. ನಾನು ಉತ್ತರ ಕೊಡದೆ ಫೋನ್ ಇಟ್ಟೆ. ಈಗ ಬಲಗೈ ಖಾಲಿ ಇದೆ, ಮುಕ್ಕಾಲು ಗಂಟೆಯೂ ಇದೆ. ಬರೆಯುತ್ತಿದ್ದೇನೆ.

ನಾಲ್ಕು ಜನ ಗೆಳೆಯರು ಈ ಸೀಸನ್‌ನಲ್ಲಿ 11 ಭಾನುವಾರ ಕೆರೆಗೆ ಹೋದೆವು. ಸಿಕ್ಕ ಮೀನು ಒಟ್ಟು 9. ಅದರಲ್ಲಿ 6 ನಮ್ಮ ನಿದ್ದೆಗಾರನಿಗೆ ಸಿಕ್ಕಿದ್ದು. ಅವನು ಗಾಳ ಹಾಕಿ, ಕೋಲಿನ ತುದಿಗೆ ಒಂದು ಗಂಟೆ ಕಟ್ಟಿ, ಟೋಪಿ ಮುಖದ ಮೇಲೆ ಎಳೆದುಕೊಂಡು ಮಲಗುತ್ತಿದ್ದ. ಇನ್ನೊಬ್ಬನಿದ್ದಾನೆ, ಅವನ ದಾರ ಪ್ರತಿ ವಾರವೂ ಗಂಟಾಗುತ್ತಿತ್ತು. ನೈಲಾನ್ ದಾರಕ್ಕೆ ಒಂದು ದುರಭ್ಯಾಸ, ರೀಲಿನಲ್ಲಿ ಸುತ್ತಿದ್ದ ಸುರುಳಿಯನ್ನು ಅದು ಮರೆಯುವುದಿಲ್ಲ. ಬಿಟ್ಟ ಕೂಡಲೇ ಮತ್ತೆ ಸುರುಳಿಯಾಗಲು ನೋಡುತ್ತದೆ. 1935ರಲ್ಲಿ ನೈಲಾನ್ ತಯಾರಿಸಿದವರಿಗೆ ಅವನು ದಡದಲ್ಲಿ ಕೂತು ಹಾಕಿದ ಶಾಪಗಳನ್ನು ಬರೆದರೆ ಬೇರೆಯೇ ಪ್ರಬಂಧ ಆದೀತು. ಅವನ ಪಾಲಿಗೆ ಸಿಕ್ಕಿದ್ದು ಒಂದೇ ಮೀನು, ಅದೂ ಅವನು ಗಂಟು ಬಿಡಿಸುತ್ತಿದ್ದಾಗ. ಗುರುವಿಗೆ ಒಂದು, ನನಗೆ ಒಂದು. ಎಲ್ಲವನ್ನೂ ಒದ್ದೆ ಕೈಯಲ್ಲಿ ಹಿಡಿದು ವಾಪಸ್ ನೀರಿಗೆ ಬಿಟ್ಟೆವು. ಒಣಗೈಯಲ್ಲಿ ಮುಟ್ಟಿದರೆ ಮೀನಿನ ಮೈಮೇಲಿನ ಲೋಳೆ ಹೋಗಿಬಿಡುತ್ತದೆ. ರೋಗ ತಗಲದಂತೆ ಅದನ್ನು ಕಾಯುವುದೇ ಆ ಲೋಳೆ. ಇದನ್ನು ಹೇಳಿಕೊಟ್ಟವನೂ ಗುರುವೇ. ಒಪ್ಪುತ್ತೇನೆ.

ಗಾಳ ಹಾಕುವುದು ತಾಳ್ಮೆ ಕಲಿಸುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಈ ಸೀಸನ್‌ನಲ್ಲಿ ಬೇರೆಯೇ ಒಂದು ವಿಷಯ ಹೊಳೆಯಿತು. ಅದನ್ನು ಬರೆಯೋಣ ಅಂತಲೇ ಕೂತಿದ್ದೇನೆ. ಆದರೆ ಅದಕ್ಕೆ ಮೊದಲು ಗುರುವಿನ 'ಶ್' ಬಗ್ಗೆ ಒಂದೆರಡು ಮಾತು ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅದು ಸಾಮಾನ್ಯ 'ಶ್' ಅಲ್ಲ. ಸೈಕಲ್ ಟ್ಯೂಬಿಗೆ ಮುಳ್ಳು ಚುಚ್ಚಿದಾಗ ಬರುತ್ತದಲ್ಲ, ಆ ತರದ್ದು. ಉದ್ದಕ್ಕೆ ಬರುತ್ತದೆ, ಜೊತೆಗೆ ಒಂದು ಕಣ್ಣು ಕಿರಿದಾಗುತ್ತದೆ. ಮೊದಲನೇ ಭಾನುವಾರ ಬೆಳಗಿನ ಜಾವ ನಾನು ಇಳಿದು, "ಎಷ್ಟು ಚೆನ್ನಾಗಿದೆ ಅಲ್ವಾ" ಅಂದೆ. ಶ್! "ಲೋ, ಮಾತಾಡಬೇಡ, ಮೀನು ಓಡುತ್ತೆ." ಕೆರೆ ಇನ್ನೂ ನೂರು ಹೆಜ್ಜೆ ದೂರದಲ್ಲಿತ್ತು.

ನನ್ನ ಕೋಪ ಏನು ಅಂದರೆ, ಹಾಗೆ ಹೇಳುವ ಗುರು ಸ್ವತಃ ಒಂದು ಮೆರವಣಿಗೆ. ಮಡಿಸುವ ಕುರ್ಚಿಯನ್ನು ಕಲ್ಲಿನ ಮೇಲೆ ದರದರ ಎಳೆಯುತ್ತಾನೆ. ಬೂಟುಗಾಲಲ್ಲಿ ದಡದುದ್ದಕ್ಕೂ ಧಪಧಪ ಓಡಾಡಿ, ಎಲ್ಲಿ ನೀರು ಆಳ ಇದೆ ಅಂತ ನೋಡುತ್ತಾನೆ. ಕೊಕ್ಕೆ, ಸೀಸದ ಗುಂಡು, ನೀರಿನ ಮೇಲೆ ತೇಲುವ ಬೆಂಡು ಎಲ್ಲ ಇರುವ ತಗಡಿನ ಪೆಟ್ಟಿಗೆಯನ್ನು ಐದು ನಿಮಿಷಕ್ಕೊಮ್ಮೆ ತೆರೆದು ಧಡ್ ಅಂತ ಮುಚ್ಚುತ್ತಾನೆ. ನಿದ್ದೆಗಾರನ ಗೊರಕೆಗೆ ಒಂದು ದಿನವೂ 'ಶ್' ಅಂದಿಲ್ಲ. ಕೋಲಿನ ತುದಿಯ ಗಂಟೆಗೂ ಅಂದಿಲ್ಲ. ಅವನ ತಕರಾರು ಮಾತಿನ ಮೇಲೆ. ಅದರಲ್ಲೂ ನನ್ನ ಮಾತಿನ ಮೇಲೆ.

ಮೂರು ವಾರ ಸಹಿಸಿದೆ. ನಾಲ್ಕನೇ ವಾರದ ಹೊತ್ತಿಗೆ ಮನೆಯಲ್ಲಿ ರಾತ್ರಿ ಕೂತು ಓದತೊಡಗಿದೆ. ಎರೆಹುಳದ ಡಬ್ಬಿ ಫ್ರಿಜ್‌ನಲ್ಲಿಟ್ಟ ವಿಷಯಕ್ಕೆ ಹೆಂಡತಿ ಮಾತು ಬಿಟ್ಟಿದ್ದರಿಂದ ಓದಲು ಪುರಸೊತ್ತೂ ಜಾಸ್ತಿ ಇತ್ತು. ಓದಿದಷ್ಟೂ ಖುಷಿಯಾಯಿತು. ಗಾಳಿಯಲ್ಲಿ ಹುಟ್ಟಿದ ಶಬ್ದ ನೀರಿನೊಳಕ್ಕೆ ಇಳಿಯುವುದೇ ಇಲ್ಲ ಅನ್ನಬಹುದು. ನೀರಿನ ಮೈಗೆ ಬಡಿದು ಹೆಚ್ಚುಕಡಿಮೆ ಎಲ್ಲವೂ ವಾಪಸ್ ಬರುತ್ತದೆ. ಒಳಗೆ ಹೋಗುವುದು ಸಾವಿರದಲ್ಲಿ ಒಂದು ಪಾಲು. ಅದೇ ಕಲ್ಲಿನ ಮೇಲೆ ಕುರ್ಚಿ ಎಳೆದರೆ? ದಡದಲ್ಲಿ ಬೂಟು ಬಡಿದರೆ? ಆ ನಡುಕ ನೆಲದಿಂದ ನೇರ ನೀರಿಗೆ ಹೋಗುತ್ತದೆ. ನೀರಿನಲ್ಲಿ ಶಬ್ದ ಓಡುವ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ಜಾಸ್ತಿ. ಮೀನಿನ ಮೈಯ ಎರಡೂ ಬದಿಗೆ ಕಿವಿರಿನಿಂದ ಬಾಲದ ತನಕ ಒಂದು ಸಣ್ಣ ಗೆರೆ ಇರುತ್ತದೆ. ಹತ್ತಿರದಲ್ಲಿ ನೀರು ಚೂರು ಕದಲಿದರೂ ಮೀನು ಅದರಿಂದಲೇ ತಿಳಿಯುತ್ತದೆ. ಅಂದರೆ ಗುರು ಬೂಟು ಹಾಕಿಕೊಂಡು ಬರುವ ಸುದ್ದಿ ಮೀನಿಗೆ ನನಗಿಂತ ಮೊದಲೇ ಮುಟ್ಟುತ್ತಿತ್ತು!

ಇನ್ನೊಂದು ಸಿಕ್ಕಿತು. ನೀರಿನೊಳಗಿಂದ ಮೀನಿಗೆ ಮೇಲಿನ ಲೋಕವೆಲ್ಲ ಒಂದು ದುಂಡು ಕಿಟಕಿಯೊಳಗೆ ಕಾಣುತ್ತದಂತೆ. ಅದರ ಅಗಲ ಸುಮಾರು 97 ಡಿಗ್ರಿ. ದಡದಲ್ಲಿ ಬಗ್ಗಿ ಕೂತವರು ಆ ಕಿಟಕಿಯ ಅಂಚಿನಲ್ಲಿ ಅಮುಕಿಹೋಗಿರುತ್ತಾರೆ, ಎದ್ದು ನಿಂತವರು ಚೆನ್ನಾಗಿ ಕಾಣುತ್ತಾರೆ. ಗುರುವಿನ ಜಾಕೆಟ್ ಕಿತ್ತಳೆ ಬಣ್ಣದ್ದು. ಅವನು ಕೂರುವುದು ಕಡಿಮೆ.

ಐದನೇ ಭಾನುವಾರ ಇದೆಲ್ಲವನ್ನೂ ಅವನ ಮುಂದೆ ಇಟ್ಟೆ. ನೆಲದ ಮೇಲೆ ಕಡ್ಡಿಯಿಂದ ಚಿತ್ರ ಬರೆದು ತೋರಿಸಿದೆ. ಪೂರ್ತಿ ಕೇಳಿದ. ಆಮೇಲೆ, "ನೀನು ಮೀನಾಗಿ ನೋಡಿದ್ದೀಯಾ?" ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ, ಶ್!

ಸೋತೆ ಅಂತ ಅಲ್ಲ, ಇನ್ನೂ ಗಟ್ಟಿ ಸಾಕ್ಷಿ ಬೇಕು ಅನ್ನಿಸಿತು. ಮತ್ತೆ ಓದಿದೆ. ಓದಬಾರದಿತ್ತು. ಗೆಂಡೆ ಮೀನಿನ ಹೊಟ್ಟೆಯಲ್ಲಿ ಗಾಳಿಚೀಲವೊಂದು ಇರುತ್ತದೆ. ಆ ಚೀಲದಿಂದ ಒಳಗಿವಿಯ ತನಕ ಪುಟ್ಟ ಎಲುಬುಗಳ ಒಂದು ಸಾಲು ಇದೆ. ಎರ್ನ್ಸ್ಟ್ ವೇಬರ್ ಅನ್ನುವವರು 1820ರಲ್ಲೇ ಇದನ್ನು ವಿವರಿಸಿದ್ದಾರೆ. ಚೀಲ ತಮಟೆಯ ಹಾಗೆ ನಡುಗುತ್ತದೆ, ಎಲುಬುಗಳು ಆ ನಡುಕವನ್ನು ಕಿವಿಗೆ ದಾಟಿಸುತ್ತವೆ. ಹಾಗಾಗಿ ಈ ಬಳಗದ ಮೀನುಗಳಿಗೆ ಬೇರೆ ಎಷ್ಟೋ ಮೀನುಗಳಿಗಿಂತ ಚೆನ್ನಾಗಿ ಕೇಳಿಸುತ್ತದೆ. ನಮ್ಮ ಕೆರೆಯಲ್ಲಿ ಇದ್ದದ್ದು ಗೆಂಡೆಯೇ.

ಅದಕ್ಕಿಂತ ದೊಡ್ಡ ಪೆಟ್ಟು ಮುಂದಿತ್ತು. ಕಾರ್ಲ್ ಫಾನ್ ಫ್ರಿಶ್ ಅಂತ ಒಬ್ಬ ವಿಜ್ಞಾನಿ. ಜೇನುನೊಣಗಳ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದವರು. ಪುಣ್ಯಾತ್ಮರು ಜೇನಿನ ಪಾಡಿಗೆ ಜೇನು ನೋಡಿಕೊಂಡು ಇರಬಹುದಿತ್ತು. ಮೀನಿಗೆ ಕಿವಿ ಕೇಳಿಸುವುದೇ ಇಲ್ಲ ಅಂತ ಆ ಕಾಲದಲ್ಲಿ ವಾದ ಮಾಡುವವರಿದ್ದರು. ಫ್ರಿಶ್ ಒಂದು ಕುರುಡು ಕ್ಯಾಟ್‌ಫಿಶ್ ಸಾಕಿದರು. ಊಟ ಹಾಕುವಾಗಲೆಲ್ಲ ಸಿಳ್ಳೆ ಹೊಡೆದರು. ಕೆಲವೇ ದಿನಗಳಲ್ಲಿ, ಊಟ ಹಾಕದೆ ಬರೀ ಸಿಳ್ಳೆ ಹೊಡೆದರೂ, ಮೀನು ತನ್ನ ಗೂಡಿನಿಂದ ಹೊರಗೆ ಬರತೊಡಗಿತು. 1923ರಲ್ಲಿ ಇದನ್ನು ಪ್ರಕಟಿಸಿದರು. ಕರೆದರೆ ಬರುವ ಮೀನು!

ಆ ರಾತ್ರಿ ನಾನು ತುಂಬಾ ಹೊತ್ತು ಎಚ್ಚರವಾಗಿದ್ದೆ. ತೊಟ್ಟಿಯ ಪಕ್ಕ ಸಿಳ್ಳೆ ಹೊಡೆಯುವುದೇ ಬೇರೆ, ಕೆರೆ ದಡದಲ್ಲಿ ಮಾತಾಡುವುದೇ ಬೇರೆ, ಅದು ನನಗೆ ಗೊತ್ತು. ಜೊತೆಗೆ, ಆ ಮೀನು ಶಬ್ದಕ್ಕೆ ಓಡಿಹೋಗಲಿಲ್ಲ, ಹತ್ತಿರ ಬಂತು. ಒಂದು ಲೆಕ್ಕದಲ್ಲಿ ಅದು ನನ್ನ ಕಡೆಯ ಸಾಕ್ಷಿಯೇ. ಆದರೆ ಗುರುವಿನ ಕೈಗೆ ಈ ಕಥೆ ಸಿಕ್ಕರೆ ಅವನು ಇಷ್ಟೆಲ್ಲ ಯೋಚಿಸುವವನಲ್ಲ. "ಕೇಳಿಸುತ್ತೆ ತಾನೇ? ಮುಗೀತು" ಅನ್ನುತ್ತಾನೆ. ಹಾಗಾಗಿ ಯಾರಿಗೂ ಹೇಳಲಿಲ್ಲ. ಉಳಿದ ಭಾನುವಾರಗಳಲ್ಲಿ ಜೇನುನೊಣ ಹಾರಿಬಂದರೂ ನನಗೆ ಅಳುಕು.

ಏಳನೇ ವಾರ ಒಂದು ಪರೀಕ್ಷೆ ನಡೆಯಿತು. ನಿದ್ದೆಗಾರನದೇ ಸಲಹೆ. ದಿನಾ ಈ ಜಗಳ ಕೇಳಿ ಅವನ ನಿದ್ದೆ ಕೆಡುತ್ತಿತ್ತು. ಅರ್ಧ ಗಂಟೆ ನಾನು ಬಾಯಿತುಂಬ ಮಾತಾಡಬೇಕು, ಅರ್ಧ ಗಂಟೆ ಎಲ್ಲರೂ ಸುಮ್ಮನಿರಬೇಕು. ಯಾವಾಗ ಮೀನು ಕಚ್ಚುತ್ತದೋ ನೋಡೋಣ. ನಾನು ಮಾತಾಡಿದೆ. ಮಾತಾಡು ಅಂದಾಗ ಮಾತು ಎಷ್ಟು ಬೇಗ ಮುಗಿಯುತ್ತದೆ ಗೊತ್ತಾ! ಹತ್ತು ನಿಮಿಷಕ್ಕೆ ಎಲ್ಲ ಖಾಲಿ. ಕೊನೆಗೆ ಮಗ್ಗಿ ಹೇಳಿದೆ. ಮೀನು ಬರಲಿಲ್ಲ. ಆಮೇಲೆ ಅರ್ಧ ಗಂಟೆ ಮೌನ. ಆಗಲೂ ಬರಲಿಲ್ಲ. ಮೌನದ ಇಪ್ಪತ್ತೊಂಬತ್ತನೇ ನಿಮಿಷಕ್ಕೆ ನಾನು ಕೆಮ್ಮಿದೆ ಅಂತ ಗುರು ಎದ್ದ. ಇದು ಮೋಸ ಅಂತ ಕೂಗುತ್ತಾ, ಕುರ್ಚಿ ಬೀಳಿಸಿ, ಧಪಧಪ ನನ್ನ ಕಡೆ ಬಂದ. ನಾನೂ ಎದ್ದು ಕೂಗಿದೆ. ಅಷ್ಟರಲ್ಲಿ ನಿದ್ದೆಗಾರನ ಗಂಟೆ ಹೊಡೆಯಿತು. ಮೊಳದುದ್ದದ ಗೆಂಡೆ. ಅವನು ಕಣ್ಣುಜ್ಜಿಕೊಂಡು, "ಯಾರು ಗೆದ್ರು?" ಅಂದ.

ಇಷ್ಟು ಬರೆದ ಮೇಲೆ ಇನ್ನೊಂದು ಹೇಳಿಬಿಡುತ್ತೇನೆ. ನಾನು ಕೆರೆಗೆ ಹೋಗುತ್ತಿದ್ದದ್ದು ಮೀನಿಗಾಗಿ ಅಲ್ಲ. ನಾವು ನಾಲ್ಕೂ ಜನ ವಾರವಿಡೀ ಫೋನಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸಿಕೊಂಡು ಬದುಕುವವರು. ಎದುರೆದುರು ಕೂರುವುದು ಆ ಒಂದು ಬೆಳಗ್ಗೆ ಮಾತ್ರ. ಅದರಲ್ಲೂ ಬಾಯಿ ಮುಚ್ಚಿಕೊಂಡು ಒಂದು ಬೆಂಡನ್ನು ನೋಡುತ್ತಾ ಕೂರಬೇಕು ಅಂದರೆ ಹೇಗೆ? ಒಂಬತ್ತನೇ ಭಾನುವಾರ ನನಗೆ ನಿಜಕ್ಕೂ ಹೇಳುವ ವಿಷಯ ಒಂದಿತ್ತು. ಹರಟೆ ಅಲ್ಲ. ಇಬ್ಬರು ಇನ್ನೂ ಸಾಮಾನು ಇಳಿಸುತ್ತಿದ್ದರು. ಗುರು ಒಬ್ಬನೇ ಪಕ್ಕದಲ್ಲಿದ್ದ. ಹೇಗೆ ಶುರು ಮಾಡುವುದು ಅಂತ ತಿಳಿಯದೆ, "ಲೋ, ಒಂದು ಮಾತು" ಅಂದೆ. ಅವನು ನನ್ನ ಕಡೆ ನೋಡಲೂ ಇಲ್ಲ. ಬೆಂಡು ಅಲ್ಲಾಡಿದ ಹಾಗೆ ಕಂಡಿತೋ ಏನೋ. ಶ್! ಅಂದ. ಅಲ್ಲಾಡಿದ್ದು ಗಾಳಿಗೆ. ಆ ಮಾತನ್ನು ನಾನು ಅವನಿಗೆ ಇವತ್ತಿನವರೆಗೂ ಹೇಳಿಲ್ಲ. ಏನು ಅಂತ ಇಲ್ಲೂ ಬರೆಯುವುದಿಲ್ಲ. ಈಗ ಅದರ ಅಗತ್ಯವೂ ಇಲ್ಲ, ಸರಿಹೋಯಿತು. ಆದರೂ.

ಈಗ ನನಗೆ ಹೊಳೆದ ಆ ವಿಷಯಕ್ಕೆ ಬರುತ್ತೇನೆ. ಹೆಚ್ಚಿನ ಮೀನುಗಳಿಗೆ ಕಣ್ಣಿನ ರೆಪ್ಪೆ ಇರುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಅಲ್ಲಿಂದ ಶುರುಮಾಡಿ ನಾನು ಹೇಳಬೇಕಿದ್ದದ್ದು

ಬಾಗಿಲು ಬಡಿದರು.

ಇನ್ನು ಮುಂದಿನದು ಮರುದಿನ ಬರೆದದ್ದು. ಗುರು ಬೂಟು ಹಾಕಿಕೊಂಡೇ ಒಳಗೆ ಬಂದ. ಹೆಂಡತಿಗೆ "ನೀವೇನೂ ಗಾಬರಿ ಆಗಬೇಡಿ" ಅಂದ. ಅವಳು ಗಾಬರಿಯಾಗಿರಲಿಲ್ಲ. ಬೆರಳನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ನೋಡಿದ. ಜೇಬಿನಿಂದ ಗಟ್ಟಿ ದಾರ ತೆಗೆದು ಕೊಕ್ಕೆಯ ಬಾಗಿದ ಕಡೆ ಒಂದು ಕುಣಿಕೆ ಹಾಕಿದ. ಕೊಕ್ಕೆಯ ಹಿಂಬದಿಯನ್ನು ಚರ್ಮಕ್ಕೆ ಒತ್ತಿ ಹಿಡಿದುಕೊಂಡ. ಹಾಗೆ ಒತ್ತಿದರೆ ಒಳಗಿನ ಮುಳ್ಳು ಹಿಡಿತ ಬಿಡುತ್ತದೆ, ಆಗ ಕೊಕ್ಕೆ ಹೋದ ದಾರಿಯಲ್ಲೇ ಒಂದೇ ಏಟಿಗೆ ದಾರ ಎಳೆಯಬೇಕು. ಅವನ ಕೈ ನಡುಗಲಿಲ್ಲ. ನನ್ನದು ನಡುಗುತ್ತಿತ್ತು.

"ಮಾತಾಡು" ಅಂದ.

"ಏನು?"

"ಏನಾದ್ರೂ ಸರಿ ಕಣೋ. ಬೆರಳು ನೋಡಬೇಡ. ಮಾತಾಡ್ತಾ ಇರು."

ಅದೇನು ಬಂತೋ ಬಾಯಿಗೆ, "ಕಾರ್ಲ್ ಫಾನ್ ಫ್ರಿಶ್ ಅಂತ ಒಬ್ಬರಿದ್ದರು" ಅಂದೆ. "ಒಂದು ಕುರುಡು ಕ್ಯಾಟ್‌ಫಿಶ್ ಸಾಕಿದ್ದರು. ಊಟ ಹಾಕುವ ಮುಂಚೆ ದಿನಾ..." ಅನ್ನುವಷ್ಟರಲ್ಲಿ ಚಿಟ್ ಅಂತು. ಕೊಕ್ಕೆ ಕೋಣೆಯ ಆಚೆ ಮೂಲೆಗೆ ಹಾರಿ ಬಿತ್ತು. ನಾನು ಕೂಗಿದ್ದು ನಿಜ, ಆದರೆ ನೋವಿಗಿಂತ ಜಾಸ್ತಿ ಕೂಗಿದೆ.

ಗಾಯ ತೊಳೆದು, ಪಟ್ಟಿ ಸುತ್ತಿ, "ಧನುರ್ವಾಯು ಇಂಜೆಕ್ಷನ್ ಹಾಕಿಸಿಕೊಂಡು ಯಾವ ಕಾಲ ಆಯ್ತು?" ಅಂತ ಕೇಳಿದ. ನೆನಪಿಲ್ಲ ಅಂದೆ. ಬೆಳಗ್ಗೆ ಕರೆದುಕೊಂಡು ಹೋಗ್ತೀನಿ ಅಂದ. ಆಮೇಲೆ ನೆಲದ ಮೇಲೆ ಬಗ್ಗಿ ಆ ಕೊಕ್ಕೆಯನ್ನು ಹುಡುಕಿ ತೆಗೆದು, ತನ್ನ ಇಕ್ಕಳದಿಂದಲೇ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ ನನ್ನ ಅಂಗೈಗೆ ಹಾಕಿದ.

ಹೊಸ್ತಿಲು ದಾಟುವಾಗ ನಿಂತ. "ಆ ಕುರುಡು ಮೀನು ಅಂದ್ಯಲ್ಲ, ಅದೇನಾಯ್ತು ಕೊನೆಗೆ?"

"ಯಾವ ಮೀನು?" ಅಂದೆ.